‘ಅಸಲಿ’ ಕಾಕ್‌ಟೇಲ್ ಎಂಬ ಭ್ರಮೆ

ಹಳೆಯ ಕಾಕ್‌ಟೇಲ್‌ಗಳನ್ನು ಮನೆಯಲ್ಲೇ ಮತ್ತೆ ತಯಾರಿಸುವ ಹವ್ಯಾಸ ಒಂದೇ ಒಂದು ನಂಬಿಕೆಯ ಮೇಲೆ ನಿಂತಿದೆ. ನೂರು, ನೂರೈವತ್ತು ವರ್ಷ ಹಿಂದಿನ ಪುಸ್ತಕವನ್ನು ಮುಂದಿಟ್ಟುಕೊಂಡು, ಅದರಲ್ಲಿ ಹೇಳಿದ್ದನ್ನೆಲ್ಲ ಹೇಳಿದ ಪ್ರಮಾಣದಲ್ಲೇ ಬೆರೆಸಿದರೆ ಆ ಕಾಲದ ಪೇಯವೇ ಗ್ಲಾಸಿಗೆ ಇಳಿಯುತ್ತದೆ ಎಂಬುದು ಆ ನಂಬಿಕೆ. ಪುಸ್ತಕ ಹಳೆಯದಾದಷ್ಟೂ ಪೇಯ ಅಸಲಿ. ಅಕ್ಷರ ತಪ್ಪದೆ ಪಾಲಿಸಿದವನು ರಸಿಕ. ಒಂದನ್ನು ಬದಲಾಯಿಸಿದವನು ರುಚಿಗೇಡಿ. ನ್ಯೂಯಾರ್ಕ್, ಲಂಡನ್‌ಗಳಲ್ಲಿ ಬೆಳೆದ ಈ ಮತ ಇಂದು ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಮನೆ ಬಾರ್‌ಗಳಿಗೂ ಬಂದು ಕೂತಿದೆ. ಇದನ್ನು ಪ್ರಶ್ನಿಸಿದವರು ಕಡಿಮೆ, ಪ್ರಶ್ನಿಸಲು ಕಾರಣಗಳು ಮಾತ್ರ ಹೇರಳ. ಈ ನಂಬಿಕೆ ಚರಿತ್ರೆಯಾಗಿ ಸುಳ್ಳು, ಪಾಕವಾಗಿ ಅಸಾಧ್ಯ, ಕೆಲವೆಡೆ ಆರೋಗ್ಯಕ್ಕೆ ಮಾರಕ. ಮೇಲಾಗಿ, ಆ ಪೇಯಗಳನ್ನು ಕಟ್ಟಿದವರಿಗೇ ಅದು ಬಗೆಯುವ ಅನ್ಯಾಯ.

ಪುರಾತನದ ಹೆಸರು ಹೇಳುವ ಈ ಮತಕ್ಕೆ ಹೆಚ್ಚು ವಯಸ್ಸಾಗಿಲ್ಲ. ಅಮೆರಿಕದಲ್ಲಿ 1920ರ ಜನವರಿಯಿಂದ 1933ರ ಡಿಸೆಂಬರ್‌ವರೆಗೆ ಜಾರಿಯಲ್ಲಿದ್ದ ಪಾನನಿಷೇಧ ಬಾರ್ಟೆಂಡರ್‌ಗಳ ಒಂದು ತಲೆಮಾರನ್ನೇ ಚದುರಿಸಿತು. ಕೈಯಿಂದ ಕೈಗೆ ದಾಟುತ್ತಿದ್ದ ಕಸುಬು ನಡುವೆ ಕಡಿಯಿತು. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ತಾಜಾ ಹಣ್ಣಿನ ರಸದ ಜಾಗವನ್ನು ಪುಡಿಗಳೂ ಬಾಟಲಿಯ ಮಿಶ್ರಣಗಳೂ ಹಿಡಿದವು. ಇದರ ವಿರುದ್ಧ 1987ರಲ್ಲಿ ನ್ಯೂಯಾರ್ಕಿನ ರೇನ್‌ಬೋ ರೂಮ್‌ನಲ್ಲಿ ಡೇಲ್ ಡಿಗ್ರಾಫ್ ತಾಜಾ ರಸವನ್ನೂ ಹತ್ತೊಂಬತ್ತನೆಯ ಶತಮಾನದ ಬಾರ್ ಪದ್ಧತಿಯನ್ನೂ ಮರಳಿ ತಂದದ್ದು ಒಳ್ಳೆಯ ಕೆಲಸವೇ. 2004ರಲ್ಲಿ ಟೆಡ್ ಹೇಗ್ ಮರೆತುಹೋದ ಕಾಕ್‌ಟೇಲ್‌ಗಳ ಪುಸ್ತಕ ತಂದರು. 2007ರಲ್ಲಿ ಡೇವಿಡ್ ವೊಂಡ್ರಿಚ್ ಹತ್ತೊಂಬತ್ತನೆಯ ಶತಮಾನದ ಬಾರ್ಟೆಂಡರ್ ಜೆರ್ರಿ ಥಾಮಸ್‌ನ ಬದುಕು ಮತ್ತು ಪೇಯಗಳ ಬಗ್ಗೆ ಬರೆದರು. ಇವರು ಮಾಡಿದ್ದು ಸಂಶೋಧನೆ: ಆಗಿನ ಗ್ಲಾಸು ಎಷ್ಟು ದೊಡ್ಡದಿತ್ತು, ಆಗಿನ ಜಿನ್ ಎಂಥದ್ದು, ಆಗಿನ ಐಸ್ ಹೇಗಿತ್ತು ಎಂಬ ವಿಚಾರಣೆ. ಹಿಂಬಾಲಿಸಿದವರು ವಿಚಾರಣೆಯನ್ನು ಕೈಬಿಟ್ಟರು, ಪಾಕವಿಧಿಯನ್ನು ಮಾತ್ರ ಕಂಠಪಾಠ ಮಾಡಿದರು.

ಪೂಜೆ ಸಲ್ಲುತ್ತಿರುವ ಆ ಪುಸ್ತಕಗಳು ನಿಜವಾಗಿ ಏನಾಗಿದ್ದವು? ಜೆರ್ರಿ ಥಾಮಸ್‌ನ 1862ರ ಪುಸ್ತಕ ಅಮೆರಿಕದಲ್ಲಿ ಅಚ್ಚಾದ ಮೊದಲ ಬಾರ್ಟೆಂಡರ್ ಕೈಪಿಡಿ. ಅದು ಏಕವ್ಯಕ್ತಿಯ ದರ್ಶನವೂ ಅಲ್ಲ, ದೋಷಾತೀತ ಗ್ರಂಥವೂ ಅಲ್ಲ. ಅದರ ಪಂಚ್‌ಗಳಲ್ಲಿ ಹಲವು ಇಂಗ್ಲಿಷ್ ಪುಸ್ತಕಗಳಿಂದ ಎತ್ತಿಕೊಂಡವು. ಹಿಂಭಾಗದಲ್ಲಿ ಹೊಲಿದಿರುವ ಸಿರಪ್ ಮತ್ತು ಮದ್ಯ ತಯಾರಿಕೆಯ ಕೈಪಿಡಿ ಥಾಮಸ್‌ನದಲ್ಲ, ಕ್ರಿಶ್ಚಿಯನ್ ಶುಲ್ಟ್ಸ್ ಎಂಬಾತನದು. ಲಂಡನ್ನಿನ ಸವಾಯ್ ಹೋಟೆಲಿನ ಅಮೆರಿಕನ್ ಬಾರ್‌ನಲ್ಲಿದ್ದ ಹ್ಯಾರಿ ಕ್ರ್ಯಾಡಕ್ ಹೆಸರಿನಲ್ಲಿ 1930ರಲ್ಲಿ ಬಂದ ಸವಾಯ್ ಕಾಕ್‌ಟೇಲ್ ಪುಸ್ತಕದ ಕತೆಯೂ ಇದೇ. ಅದಕ್ಕಿಂತ ಮುಂಚಿನ ಪುಸ್ತಕಗಳಿಂದ ಧಾರಾಳವಾಗಿ ನಕಲು ಮಾಡಿಕೊಂಡ ಸಂಗ್ರಹ ಅದು. ಕಸುಬಿನವರಿಗೆ ಇದರಲ್ಲಿ ನಾಚಿಕೆ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ನಾಚಿಕೆಪಡಬೇಕಾದವರು ಆ ನಕಲನ್ನು ಮೂಲವೆಂದು ಸಾರುತ್ತಿರುವ ಇಂದಿನ ಭಕ್ತರು.

ನಕಲಿನಿಂದ ಆಗುವ ಅನಾಹುತಕ್ಕೆ ‘ಏವಿಯೇಷನ್’ ಸಾಕ್ಷಿ. ನ್ಯೂಯಾರ್ಕಿನ ಹೋಟೆಲೊಂದರ ಬಾರ್ಟೆಂಡರ್ ಹ್ಯೂಗೋ ಎನ್ಸ್ಲಿನ್ 1916ರಲ್ಲಿ ಪ್ರಕಟಿಸಿದ ವಿಧಿಯಲ್ಲಿ ಜಿನ್, ಲೆಮನ್ ರಸ, ಮರಸ್ಕಿನೊ ಲಿಕ್ಯೂರ್ ಮತ್ತು ವಯೊಲೆಟ್ ಹೂವಿನ ಲಿಕ್ಯೂರ್ ಇದ್ದವು. ಆಕಾಶದ ನೀಲಿಛಾಯೆ ಬರುತ್ತಿದ್ದುದು ಕೊನೆಯದರಿಂದ. ಸವಾಯ್ ಪುಸ್ತಕಕ್ಕೆ ಬರುವಾಗ ವಯೊಲೆಟ್ ಬಿದ್ದುಹೋಯಿತು. ಆಮೇಲಿನ ದಶಕಗಳಲ್ಲಿ ಪುಸ್ತಕದ ಮೇಲೆ ಪುಸ್ತಕ ಆ ಬಣ್ಣಗೆಟ್ಟ ರೂಪವನ್ನೇ ಕೊಟ್ಟಿತು. ಶ್ರದ್ಧೆಯಿಂದ ಸವಾಯ್ ಪುಸ್ತಕ ತೆರೆದು, ಹನಿ ಹನಿ ಅಳೆದು, ‘ಅಸಲಿ ಏವಿಯೇಷನ್’ ಕುಡಿದವರೆಲ್ಲ ಕುಡಿದದ್ದು ಯಾವುದನ್ನು? ಒಂದು ಕೈತಪ್ಪನ್ನೋ, ಒಂದು ಕೊರತೆಯನ್ನೋ! ಹಳೆಯ ಪುಟವೇ ಪ್ರಮಾಣವೆಂದಾದರೆ ಅಂಥ ತಪ್ಪೂ ಪ್ರಮಾಣವೇ.

ಇನ್ನು ಗುಟ್ಟಿನ ಮಾತು. ಕೆಲವು ಪ್ರಸಿದ್ಧ ಪೇಯಗಳ ವಿಧಿ ಪುಸ್ತಕ ಸೇರಲೇ ಇಲ್ಲ, ಸೇರದಂತೆ ಎಚ್ಚರ ವಹಿಸಲಾಗಿತ್ತು. ಹಾಲಿವುಡ್‌ನಲ್ಲಿ ಡಾನ್ ಬೀಚ್ 1934ರಲ್ಲಿ ರೂಪಿಸಿದ ‘ಜಾಂಬಿ’ಯ ಪದಾರ್ಥಗಳು ಸಂಕೇತನಾಮಗಳ ಬಾಟಲಿಗಳಲ್ಲಿದ್ದವು, ಬೆರೆಸುವ ಕೆಲಸಗಾರರಿಗೇ ಒಳಗೇನಿದೆ ಎಂದು ತಿಳಿಯಬಾರದೆಂಬ ಉಪಾಯ ಅದು. ಜೆಫ್ ಬೆರ್ರಿ ಎಂಬ ಸಂಶೋಧಕರು ಹಳೆಯ ಕೆಲಸಗಾರರ ಟಿಪ್ಪಣಿಗಳನ್ನು ಹುಡುಕಿ, ‘ಡಾನ್ಸ್ ಮಿಕ್ಸ್’ ಎಂಬುದು ಎರಡು ಪಾಲು ಗ್ರೇಪ್‌ಫ್ರೂಟ್ ರಸ ಮತ್ತು ಒಂದು ಪಾಲು ದಾಲ್ಚಿನ್ನಿ ಸಿರಪ್ ಎಂದು ಬಿಡಿಸಿ, 2007ರಲ್ಲಿ ಪ್ರಕಟಿಸುವವರೆಗೂ ಲೋಕಕ್ಕೆ ಸಿಕ್ಕ ಜಾಂಬಿಗಳಲ್ಲಿ ಬಹುಪಾಲು ಊಹೆಯ ಜಾಂಬಿಗಳು. ಆ ಊಹೆಗಳೂ ಇಂದು ಐವತ್ತು, ಅರವತ್ತು ವರ್ಷ ಹಳೆಯವು. ಹಳತಾದ ಮಾತ್ರಕ್ಕೆ ಊಹೆ ಸತ್ಯವಾಗುವುದೇ?

ಪುಸ್ತಕ ಸರಿಯಾಗಿದೆ ಎಂದೇ ಇಟ್ಟುಕೊಂಡರೂ ಅಳತೆಯ ತೊಡಕು ಬಿಡುವುದಿಲ್ಲ. ಥಾಮಸ್‌ನ ಅಳತೆ ‘ವೈನ್ ಗ್ಲಾಸು’. ಇಂದಿನ ಲೆಕ್ಕದಲ್ಲಿ ಸುಮಾರು 60 ಮಿ.ಲೀ. ಅದನ್ನು ತಿಳಿಯದೆ ಮನೆಯ ಕಪಾಟಿನ ವೈನ್ ಗ್ಲಾಸು ತುಂಬಿದವನ ಗತಿಯನ್ನು ವಿವರಿಸಬೇಕಿಲ್ಲ. ಅಮೆರಿಕದ ಪಿಂಟ್ 473 ಮಿ.ಲೀ., ಬ್ರಿಟನ್ನಿನ ಪಿಂಟ್ 568 ಮಿ.ಲೀ. ಅಮೆರಿಕದ ಗಿಲ್ 118 ಮಿ.ಲೀ., ಬ್ರಿಟನ್ನಿನದು 142 ಮಿ.ಲೀ. ಪುಸ್ತಕ ಯಾವ ಊರಿನದು, ವಿಧಿಯನ್ನು ಯಾವ ಊರಿನ ಪುಸ್ತಕದಿಂದ ಎತ್ತಿಕೊಂಡದ್ದು ಎಂದು ತಿಳಿಯದವರಿಗೆ ಪಂಚ್‌ನ ಹುಳಿ ಸಿಹಿಯ ಲೆಕ್ಕವೇ ತಪ್ಪುತ್ತದೆ. ‘ಡ್ಯಾಶ್’ ಎಂಬುದಂತೂ ಬಾಟಲಿಯ ಬಾಯಿ, ಕೈಯ ಕೊಡವು ಎರಡನ್ನೂ ನೆಚ್ಚಿದ್ದು. ಅಜ್ಜಿಯ ಸಾರಿನ ಪುಡಿಯ ಚೀಟಿಯಲ್ಲಿ ‘ಒಂದು ಹಿಡಿ ಧನಿಯಾ’ ಎಂದಿದ್ದರೆ ಆ ಹಿಡಿ ಅಜ್ಜಿಯದು. ಚೀಟಿ ಸಿಕ್ಕವರಿಗೆ ಹಿಡಿ ಸಿಕ್ಕಿರುವುದಿಲ್ಲ.

ಇದಕ್ಕಿಂತ ಅಪಾಯಕಾರಿ ಅಂಶ ಗ್ಲಾಸಿನ ಗಾತ್ರ. ಸವಾಯ್ ಪುಸ್ತಕ ಬಹಳಷ್ಟು ಕಡೆ ಮಿ.ಲೀ. ಅಥವಾ ಔನ್ಸ್ ಹೇಳುವುದಿಲ್ಲ, ಭಿನ್ನರಾಶಿ ಹೇಳುತ್ತದೆ: ಕಾಲು ಪಾಲು ಇದು, ಕಾಲು ಪಾಲು ಅದು. ಇಡೀ ಪೇಯ ಎಷ್ಟಿರಬೇಕು ಎಂಬುದನ್ನು ಆಗಿನ ಪುಟ್ಟ ಕಾಕ್‌ಟೇಲ್ ಗ್ಲಾಸೇ ತೀರ್ಮಾನಿಸುತ್ತಿತ್ತು. ಎರಡು ಮೂರು ಗುಟುಕಿಗೆ ಮುಗಿಯುವ, ತಣ್ಣಗಿರುವಾಗಲೇ ಕುಡಿದು ಇಡುವ ಪೇಯ ಅದು. ಇಂದು ಅಂಗಡಿಯಲ್ಲಿ ಸಿಗುವ ಮಾರ್ಟಿನಿ ಗ್ಲಾಸಿಗೆ ಅದೇ ಭಿನ್ನರಾಶಿಯನ್ನು ಸುರಿದರೆ ಅದೇ ರುಚಿ, ಎರಡು ಮೂರು ಪಟ್ಟು ಮದ್ಯ. ಮದ್ಯಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿರುವಾಗ, ಪ್ರಮಾಣವನ್ನೇ ಹೇಳದ ವಿಧಿಯನ್ನು ‘ಇದ್ದ ಹಾಗೆ ಪಾಲಿಸಿ’ ಎನ್ನುವುದು ಯಾವ ಸೀಮೆಯ ರಸಿಕತೆ?

ಅಳತೆ ಬಗೆಹರಿದರೆ ಎದುರಾಗುವುದು ಪದಾರ್ಥ. ಬಾಟಲಿಯ ಮೇಲಿನ ಹೆಸರು ಉಳಿದಿದೆ, ಒಳಗಿನದು ಬದಲಾಗಿದೆ. 1862ರ ಅಮೆರಿಕದ ಬಾರ್‌ಗಳಲ್ಲಿ ಜಿನ್ ಎಂದರೆ ಬಹುಮಟ್ಟಿಗೆ ಹಾಲೆಂಡಿನ ಯೆನೇವರ್. ಮಾಲ್ಟ್‌ನ ಮೈಕಟ್ಟು ಇರುವ, ವಿಸ್ಕಿಯ ಕಡೆಗೆ ವಾಲುವ ಮದ್ಯ ಅದು. ಥಾಮಸ್‌ನ ಜಿನ್ ಕಾಕ್‌ಟೇಲ್‌ಗೆ ಇಂದಿನ ಲಂಡನ್ ಡ್ರೈ ಸುರಿದರೆ ಹೊರಬರುವ ತೆಳ್ಳನೆಯ, ಚೂಪಾದ ಪೇಯವನ್ನು ಥಾಮಸ್ ಗುರುತು ಹಿಡಿಯುತ್ತಿರಲಿಲ್ಲ. ಕೊನ್ಯಾಕ್‌ನದೂ ಅದೇ ಹಾಡು. 1870ರ ದಶಕದಲ್ಲಿ ಫಿಲೋಕ್ಸೆರಾ ಎಂಬ ಕೀಟ ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ನುಂಗಿತು. ಅಮೆರಿಕದ ಬೇರಿನ ಮೇಲೆ ಕಸಿ ಕಟ್ಟಿ ಮತ್ತೆ ನೆಟ್ಟಾಗ ಫೋಲ್ ಬ್ಲಾಂಶ್ ತಳಿಯ ಜಾಗಕ್ಕೆ ಯೂನಿ ಬ್ಲಾಂ ಬಂತು. ಕೀಟಕ್ಕೆ ಮುಂಚಿನ ವಿಧಿಗೆ ಕೀಟದ ನಂತರದ ಬ್ರಾಂಡಿ ಸುರಿದು ‘ಅಸಲಿ’ ಎನ್ನುವುದಕ್ಕೆ ಧೈರ್ಯ ಬೇಕು.

‘ಕಾರ್ಪ್ಸ್ ರಿವೈವರ್ ನಂಬರ್ 2’ ಮತ್ತು ಜೇಮ್ಸ್ ಬಾಂಡ್‌ನ 1953ರ ‘ವೆಸ್ಪರ್’ ಎರಡಕ್ಕೂ ಬೇಕಾದದ್ದು ಕೀನಾ ಲಿಲ್ಲೆ ಎಂಬ ಕ್ವಿನೈನ್ ಬೆರೆತ ವೈನ್ ಪೇಯ. 1980ರ ದಶಕದಲ್ಲಿ ಅದರ ಪಾಕ ಬದಲಾಗಿ ಕ್ವಿನೈನ್‌ನ ಕಹಿ ತಗ್ಗಿತು, ಹೆಸರಿನಿಂದ ‘ಕೀನಾ’ ಎಂಬುದೂ ಹೋಯಿತು. ‘ಮಾಯ್ ಟಾಯ್’ಯ ಕತೆ ಇನ್ನೂ ಸ್ಪಷ್ಟ. ವಿಕ್ಟರ್ ಬರ್ಜೆರಾನ್ 1944ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಅದನ್ನು ಬೆರೆಸಿದ್ದು ಜಮೈಕಾದ ಒಂದು ನಿರ್ದಿಷ್ಟ 17 ವರ್ಷದ ರಮ್‌ಗಾಗಿ. ಆ ರಮ್ ಕೆಲವೇ ವರ್ಷಗಳಲ್ಲಿ ಮುಗಿದುಹೋಯಿತು. ಬರ್ಜೆರಾನ್ ಏನು ಮಾಡಿದ? ಅಂಗಡಿ ಮುಚ್ಚಲಿಲ್ಲ. ಬೇರೆ ರಮ್‌ಗಳನ್ನು ಹದವಾಗಿ ಕೂಡಿಸಿ ಪೇಯವನ್ನು ನಡೆಸಿದ. ಪೇಯವನ್ನು ಹುಟ್ಟಿಸಿದವನೇ ಬದಲಾಯಿಸಿಕೊಂಡದ್ದನ್ನು ಕುಡಿಯುವವರು ಬದಲಾಯಿಸಬಾರದಂತೆ!

ಐಸ್ ಕೂಡ ಅದೇ ಐಸ್ ಅಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕನ್ ಬಾರ್‌ಗೆ ಬರುತ್ತಿದ್ದುದು ಚಳಿಗಾಲದ ಕೆರೆಗಳಿಂದ ಗರಗಸದಲ್ಲಿ ಕೊಯ್ದ, ಗಟ್ಟಿ, ನಿಧಾನವಾಗಿ ಕರಗುವ ಹಿಮದ ದಿಮ್ಮಿ. ಅದು ಎಷ್ಟು ಗಟ್ಟಿಯೆಂದರೆ, ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ 1833ರಲ್ಲಿ ‘ಟಸ್ಕನಿ’ ಹಡಗಿನಲ್ಲಿ ಕಳಿಸಿದ ಸುಮಾರು 180 ಟನ್ ಹಿಮದಲ್ಲಿ 100 ಟನ್‌ನಷ್ಟು ನಾಲ್ಕು ತಿಂಗಳ ಪಯಣದ ನಂತರವೂ ಕಲ್ಕತ್ತಾ ತಲುಪಿತು. ಮದರಾಸಿನ ಕಡಲತೀರದಲ್ಲಿ ಇದೇ ಹಿಮಕ್ಕಾಗಿ ಕಟ್ಟಿದ ಐಸ್ ಹೌಸ್ ಇಂದು ವಿವೇಕಾನಂದರ ಹೆಸರಿನ ಸ್ಮಾರಕವಾಗಿ ನಿಂತಿದೆ. ಆ ದಿಮ್ಮಿಯಿಂದ ಒಡೆದ ತುಂಡು ಎಷ್ಟು ನೀರು ಬಿಡುತ್ತದೆ, ಫ್ರಿಜ್ಜಿನ ಟ್ರೇಯಿಂದ ಬಂದ ಪೊಳ್ಳು ಕ್ಯೂಬು ಎಷ್ಟು ಬಿಡುತ್ತದೆ? ಕಾಕ್‌ಟೇಲ್‌ನಲ್ಲಿ ಕರಗಿದ ನೀರು ಒಂದು ಪದಾರ್ಥ; ಹಲವು ಪೇಯಗಳಲ್ಲಿ ಅದು ಕಾಲು ಭಾಗದ ಆಸುಪಾಸು. ಪುಸ್ತಕದ ಪಟ್ಟಿಯಲ್ಲಿ ಅದು ಕಾಣುವುದಿಲ್ಲವಾದ್ದರಿಂದ ಭಕ್ತರ ಕಣ್ಣಿಗೂ ಕಾಣುವುದಿಲ್ಲ.

ಪಟ್ಟಿಯಲ್ಲಿ ಕಾಣದ ಇನ್ನೊಂದು ಪದಾರ್ಥ ದುಡಿಮೆ. 1888ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹೆನ್ರಿ ರಾಮೋಸ್ ಪ್ರಸಿದ್ಧಗೊಳಿಸಿದ ಜಿನ್ ಫಿಜ್‌ಗೆ ಮೊಟ್ಟೆಯ ಬಿಳಿ, ಕೆನೆ, ಕಿತ್ತಳೆ ಹೂವಿನ ನೀರು ಬೀಳುತ್ತವೆ; ನಿಮಿಷಗಟ್ಟಲೆ ಕುಲುಕಿದರೆ ಮಾತ್ರ ನೊರೆ ನಿಲ್ಲುತ್ತದೆ. ಅದಕ್ಕಾಗಿ ಬಾರ್‌ನಲ್ಲಿ ಸಾಲಾಗಿ ನಿಂತ ಹುಡುಗರಿದ್ದರು. 1915ರ ಮಾರ್ಡಿ ಗ್ರಾ ಹಬ್ಬದಲ್ಲಿ 35 ಮಂದಿ ಶೇಕರ್ ಕೈಯಿಂದ ಕೈಗೆ ದಾಟಿಸುತ್ತ ಕುಲುಕಿದರೂ ಬೇಡಿಕೆ ಪೂರೈಸಲಾಗಲಿಲ್ಲ ಎಂಬ ದಾಖಲೆ ಇದೆ. ಈ ಹುಡುಗರ ಕೂಲಿಯ ಮೇಲೆ ನಿಂತ ಪೇಯವನ್ನು ಇಂದು ಒಬ್ಬಂಟಿಯಾಗಿ, ತೋಳು ಸೋಲುವವರೆಗೆ ಕುಲುಕಿ, ‘ಕರಕುಶಲತೆಯ ಆನಂದ’ ಎಂದು ಬಣ್ಣಿಸಲಾಗುತ್ತದೆ. ಆ ಸಾಲಿನಲ್ಲಿ ನಿಂತಿದ್ದವರ ಹೆಸರುಗಳು ಎಷ್ಟು ಪುಸ್ತಕಗಳಲ್ಲಿವೆ?

ಹೆಸರಿನ ಈ ಪ್ರಶ್ನೆ ಸಣ್ಣದಲ್ಲ. ಹಳೆಯ ಕಾಕ್‌ಟೇಲ್‌ಗಳ ಸುತ್ತ ಹೆಣೆದ ಚಿತ್ರದಲ್ಲಿ ಇರುವವರು ಮೀಸೆ ತಿರುವಿದ ಬಿಳಿಯ ಗಂಡಸರು, ಹಿತ್ತಾಳೆಯ ಕಂಬಿ, ಗ್ಯಾಸ್ ದೀಪ. ವರ್ಜೀನಿಯಾದಲ್ಲಿ ಗುಲಾಮನಾಗಿ ಹುಟ್ಟಿದ ಜಾನ್ ಡ್ಯಾಬ್ನಿ ತನ್ನ ಮಿಂಟ್ ಜೂಲೆಪ್‌ನಿಂದ ರಿಚ್ಮಂಡ್ ನಗರವನ್ನೇ ಮರುಳು ಮಾಡಿದ್ದ; ಆ ದುಡಿಮೆಯ ಹಣ ಒಡೆಯರ ಪಾಲಾಗುತ್ತಿತ್ತು, ಕೈಯಲ್ಲಿ ಉಳಿದದ್ದರಿಂದ ಆತ ಹೆಂಡತಿಯ ಬಿಡುಗಡೆಯನ್ನು ಕೊಂಡ. ಕೆಂಟಕಿಯ ಟಾಮ್ ಬುಲಕ್ 1917ರಲ್ಲಿ ಕಾಕ್‌ಟೇಲ್ ಪುಸ್ತಕ ಪ್ರಕಟಿಸಿದ ಮೊದಲ ಕಪ್ಪು ಅಮೆರಿಕನ್. 1913ರಲ್ಲಿ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ತನ್ನನ್ನು ಕುಡುಕನೆಂದ ಪತ್ರಿಕೆಯ ಮೇಲೆ ಹೂಡಿದ ಮೊಕದ್ದಮೆಯಲ್ಲಿ, ಸೇಂಟ್ ಲೂಯಿಸ್‌ನಲ್ಲಿ ಜೂಲೆಪ್‌ನ ಕೆಲವೇ ಗುಟುಕು ಕುಡಿದದ್ದಾಗಿ ಸಾಕ್ಷಿ ನುಡಿದಾಗ, ಬುಲಕ್‌ನ ಜೂಲೆಪ್ ಅನ್ನು ಯಾರಾದರೂ ಅರ್ಧಕ್ಕೆ ಬಿಡುವುದುಂಟೇ ಎಂದು ಆ ಊರಿನ ಪತ್ರಿಕೆ ಹಾಸ್ಯ ಮಾಡಿತು. ಸವಾಯ್‌ನಲ್ಲಿ ಕ್ರ್ಯಾಡಕ್‌ಗಿಂತ ಮುಂಚೆ ಮುಖ್ಯ ಬಾರ್ಟೆಂಡರ್ ಆಗಿದ್ದು ‘ಹ್ಯಾಂಕಿ ಪ್ಯಾಂಕಿ’ಯನ್ನು ಕಟ್ಟಿದವಳು ಏಡಾ ಕೋಲ್ಮನ್ ಎಂಬ ಹೆಂಗಸು. ಹನಿಯ ಲೆಕ್ಕದಲ್ಲಿ ನಿಷ್ಠೆ ತೋರಿಸುವವರಿಗೆ ಮನುಷ್ಯರ ಲೆಕ್ಕ ಏಕೆ ತಪ್ಪುತ್ತದೆ? ಅಸಲಿತನದ ಹಂಬಲ ನಿಜವಾಗಿದ್ದರೆ ಮೊದಲು ಅಸಲಿಯಾಗಬೇಕಾದದ್ದು ಈ ಹೆಸರುಗಳ ಪಟ್ಟಿ.

ಎಲ್ಲಕ್ಕಿಂತ ಗಂಭೀರವಾದ ದೋಷ ವಿಷದ್ದು. ಥಾಮಸ್‌ನ ಪುಸ್ತಕದಲ್ಲಿ ಆತನದೇ ಹೆಸರಿನ ಬಿಟರ್ಸ್ ವಿಧಿ ಇದೆ: ಒಣದ್ರಾಕ್ಷಿ, ದಾಲ್ಚಿನ್ನಿ, ಲವಂಗ, ಆಲ್‌ಸ್ಪೈಸ್, ನಿಂಬೆ, ಕಿತ್ತಳೆಯ ಹೋಳುಗಳ ಜತೆಗೆ ಒಂದು ಔನ್ಸ್ ‘ಸ್ನೇಕ್ ರೂಟ್’, ಎಲ್ಲವನ್ನೂ ರಮ್‌ನಲ್ಲಿ ನೆನೆಹಾಕಬೇಕು. ಆ ಕಾಲದಲ್ಲಿ ಈ ಹೆಸರಿನಿಂದ ಮಾರಾಟವಾಗುತ್ತಿದ್ದ ಬೇರುಗಳಲ್ಲಿ ಪ್ರಮುಖವಾದದ್ದು ವರ್ಜೀನಿಯಾ ಸ್ನೇಕ್ ರೂಟ್, ಅರಿಸ್ಟೊಲೊಕಿಯಾ ಕುಲದ ಗಿಡ. ಹಾವಿನ ಕಡಿತಕ್ಕೆ ನಾಟಿ ಮದ್ದೆಂದು ಕರ್ನಾಟಕದ ಹಳ್ಳಿಗಳಲ್ಲಿ ಹೆಸರಾದ ಈಶ್ವರಿ ಬಳ್ಳಿಯೂ ಇದೇ ಕುಲದ್ದು. ಈ ಕುಲದ ಗಿಡಗಳಲ್ಲಿರುವ ಅರಿಸ್ಟೊಲೊಕಿಕ್ ಆಮ್ಲ ಮೂತ್ರಪಿಂಡಗಳನ್ನು ಹಾಳುಗೆಡವುತ್ತದೆ, ಮೂತ್ರನಾಳದಲ್ಲಿ ಕ್ಯಾನ್ಸರ್ ಹುಟ್ಟಿಸುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಖಚಿತ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಔಷಧದಲ್ಲಿ ಇದೇ ಕುಲದ ಬೇರು ಬೆರೆತು ನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡಗಳು ಕೆಟ್ಟವು. 2001ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಈ ಆಮ್ಲವಿರುವ ಉತ್ಪನ್ನಗಳ ವಿರುದ್ಧ ಎಚ್ಚರಿಕೆ ಹೊರಡಿಸಿತು. 1862ರ ಥಾಮಸ್‌ಗೆ ಇದು ತಿಳಿದಿರಲು ಸಾಧ್ಯವಿರಲಿಲ್ಲ. ಇಂದು ಆ ವಿಧಿಯನ್ನು ಎಚ್ಚರಿಕೆಯ ಒಂದು ಸಾಲೂ ಇಲ್ಲದೆ ಹಂಚುವವರಿಗೆ ಆ ವಿನಾಯಿತಿ ಇಲ್ಲ.

ಟಾನಿಕ್ ನೀರಿನ ಹುಚ್ಚೂ ಇದೇ ಜಾತಿಯದು. ‘ಬ್ರಿಟಿಷ್ ಕಾಲದ ಅಸಲಿ ಟಾನಿಕ್’ ಎಂದು ಸಿಂಕೋನಾ ತೊಗಟೆಯ ಪುಡಿ ತಂದು ಮನೆಯಲ್ಲಿ ಕುದಿಸಿ ಸಿರಪ್ ಮಾಡುವವರಿದ್ದಾರೆ. 1860ರ ದಶಕದಿಂದ ನೀಲಗಿರಿಯಲ್ಲಿ ಸರ್ಕಾರ ಸಿಂಕೋನಾ ಬೆಳೆದದ್ದು ಮಲೇರಿಯಾಕ್ಕೆ ಮದ್ದಾಗಿ, ಸಂಜೆಯ ಶೋಕಿಗಲ್ಲ. ಅಮೆರಿಕದಲ್ಲಿ ಮಾರುವ ಟಾನಿಕ್‌ನಲ್ಲಿ ಕ್ವಿನೈನ್ ಹತ್ತು ಲಕ್ಷಕ್ಕೆ 83 ಭಾಗ ಮೀರುವಂತಿಲ್ಲ. ತೊಗಟೆಯಿಂದ ತೊಗಟೆಗೆ ಕ್ವಿನೈನ್ ಪ್ರಮಾಣ ಬೇರೆ. ಅಡುಗೆಮನೆಯಲ್ಲಿ ಅದನ್ನು ಅಳೆಯುವ ಸಾಧನವಿಲ್ಲ. ಮಿತಿ ಮೀರಿದರೆ ಕಿವಿಯಲ್ಲಿ ಗುಂಯ್‌ಗುಡುವಿಕೆ, ತಲೆನೋವು, ವಾಕರಿಕೆ, ದೃಷ್ಟಿ ಮಂಜಾಗುವಿಕೆ. ಮದ್ಯದಲ್ಲಿ ಹೊಗೆಸೊಪ್ಪು ನೆನೆಹಾಕುವವರು ನಿಕೋಟಿನ್ ವಿಷವನ್ನು ನೇರವಾಗಿ ಗ್ಲಾಸಿಗೆ ಇಳಿಸುತ್ತಾರೆ. ಹಸಿ ಮೊಟ್ಟೆಯ ಫ್ಲಿಪ್, ಎಗ್‌ನಾಗ್‌ಗಳಲ್ಲಿ ಸಾಲ್ಮೊನೆಲ್ಲಾ ಭಯ ಪುಸ್ತಕದಲ್ಲಿ ಇಲ್ಲದಿರುವುದು ಆಗ ರೋಗವಿರಲಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ.

ಇದೆಲ್ಲದರ ಲಾಭ ಯಾರಿಗೆ? ಮಾರುವವರಿಗೆ. ‘ಅಸಲಿ’ ಎಂಬ ಹಣೆಪಟ್ಟಿ ಅಂಟಿದೊಡನೆ ಬಾಟಲಿಯ ಬೆಲೆ ಏರುತ್ತದೆ. ವರ್ಷಕ್ಕೆ ಎರಡು ಬಾರಿ ಎರಡು ಹನಿ ಬಳಸುವ ಲಿಕ್ಯೂರ್ ಕಪಾಟಿನಲ್ಲಿ ಧೂಳು ತಿನ್ನುತ್ತದೆ. ವರ್ಮೂತ್ ಅಂತೂ ವೈನ್‌ನ ಸಂತತಿ. ತೆರೆದ ಬಾಟಲಿಯನ್ನು ಫ್ರಿಜ್ಜಿನಲ್ಲಿಡದೆ ತಿಂಗಳುಗಟ್ಟಲೆ ಷೋಕೇಸಿನಲ್ಲಿಟ್ಟು, ಕೆಟ್ಟ ಮೇಲೆ ಸುರಿದುಕೊಂಡು, ಶತಮಾನದ ಹಿಂದಿನ ಮಾರ್ಟಿನಿ ಸವಿದೆನೆಂದು ಬೀಗುವ ಮನೆಗಳೆಷ್ಟೋ. ಡೆಟ್ರಾಯಿಟ್‌ನ ಕ್ಲಬ್ಬೊಂದರಲ್ಲಿ ಹುಟ್ಟಿ 1951ರ ಪುಸ್ತಕವೊಂದರಲ್ಲಿ ಅಚ್ಚಾಗಿದ್ದ ‘ಲಾಸ್ಟ್ ವರ್ಡ್’ ಈ ಶತಮಾನದ ಆರಂಭದಲ್ಲಿ ಸಿಯಾಟಲ್‌ನಿಂದ ಮತ್ತೆ ಜನಪ್ರಿಯವಾಯಿತು. ಅದರ ಕಾಲು ಪಾಲು ಹಸಿರು ಶಾರ್ತ್ರೂಸ್, ಫ್ರಾನ್ಸಿನ ಕಾರ್ತೂಸಿಯನ್ ಸಂನ್ಯಾಸಿಗಳ ಲಿಕ್ಯೂರ್. ಬೇಡಿಕೆ ಏರಿತೆಂದು ಉತ್ಪಾದನೆ ಏರಿಸುವುದಿಲ್ಲ, ತಮ್ಮ ಮುಖ್ಯ ಕೆಲಸ ಪ್ರಾರ್ಥನೆ ಎಂಬ ನಿಲುವು 2023ರಲ್ಲಿ ಆ ಮಠದಿಂದ ಬಹಿರಂಗವಾಯಿತು. ಸಂನ್ಯಾಸಿಗಳಿಗೆ ಹೊಳೆದ ವಿವೇಕ ಸಂಗ್ರಾಹಕರಿಗೆ ಹೊಳೆಯಲಿಲ್ಲ. ಅವರು ಇನ್ನಷ್ಟು ಬಾಟಲಿ ಕೂಡಿಡತೊಡಗಿದರು.

ಭಾರತದಲ್ಲಿ ಈ ಭ್ರಮೆ ಇನ್ನೂ ವಿಚಿತ್ರ ರೂಪ ತಾಳುತ್ತದೆ. ಇಲ್ಲಿ ವಿಸ್ಕಿ ಎಂದು ಮಾರಾಟವಾಗುವ ಮದ್ಯದ ಗಣನೀಯ ಪಾಲಿಗೆ ಕಾಕಂಬಿಯಿಂದ ಬಟ್ಟಿ ಇಳಿಸಿದ ಸ್ಪಿರಿಟ್ಟೇ ಆಧಾರ. ಅದನ್ನು ಅಮೆರಿಕದ ರೈ ವಿಸ್ಕಿಯ ಜಾಗದಲ್ಲಿ ಸುರಿದು ಮ್ಯಾನ್‌ಹಟನ್ ಎಂದು ಕರೆದ ಮಾತ್ರಕ್ಕೆ ಅದು ಮ್ಯಾನ್‌ಹಟನ್ ಆಗದು. ಇನ್ನೊಂದೆಡೆ, ನಿಜವಾಗಿ ಹತ್ತಿರವಿರುವುದು ಕಣ್ಣಿಗೆ ಬೀಳುವುದಿಲ್ಲ. ಕ್ಯೂಬಾದ ಹಳೆಯ ಡೈಕಿರಿಗೆ ಬಿದ್ದದ್ದು ತೆಳು ಸಿಪ್ಪೆಯ, ಬೀಜವಿರುವ, ಘಮಘಮಿಸುವ ಪುಟ್ಟ ಹುಳಿ ನಿಂಬೆ. ಅಮೆರಿಕದ ಫ್ಲಾರಿಡಾದಲ್ಲಿ 1926ರ ಚಂಡಮಾರುತದ ನಂತರ ಆ ತಳಿ ಹಿಂದೆ ಸರಿದು, ದಪ್ಪ ಸಿಪ್ಪೆಯ ಬೀಜರಹಿತ ಪರ್ಷಿಯನ್ ಲೈಮ್ ಮಾರುಕಟ್ಟೆ ಹಿಡಿಯಿತು. ವಿಜಯಪುರದ ಇಂಡಿಯ ನಿಂಬೆ ಆ ಹಳೆಯ ನಿಂಬೆಯ ಜಾತಿಗೇ ಸೇರಿದ್ದು. ನ್ಯೂಯಾರ್ಕಿನವರಿಗೆ ಸುಲಭದಲ್ಲಿ ಸಿಗದ ಹಣ್ಣು ಬೆಂಗಳೂರಿನ ತಳ್ಳುಗಾಡಿಯಲ್ಲಿದೆ. ಆದರೂ ಪುಸ್ತಕದಲ್ಲಿರುವ ಚಿತ್ರದಂತಿಲ್ಲವೆಂದು ಆಮದು ಲೈಮ್ ಹುಡುಕುವವರಿದ್ದಾರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಇವರಿಗಾಗಿಯೇ ಹುಟ್ಟಿರಬೇಕು.

ಪಂಚ್‌ನ ಕತೆಯಲ್ಲಿ ವ್ಯಂಗ್ಯ ಪೂರ್ಣವಾಗುತ್ತದೆ. ಕಾಕ್‌ಟೇಲ್‌ಗಿಂತ ಹಳೆಯದಾದ ಈ ಪೇಯವನ್ನು ಹದಿನೇಳನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವರ್ತಕರೂ ನಾವಿಕರೂ ಏಷ್ಯಾದ ಸಾರಾಯಿಯಿಂದ ಮಾಡಿಕೊಂಡರು. ಗೋವಾದ್ದು ತೆಂಗಿನ ಸೇಂದಿಯಿಂದ ಇಳಿಸಿದ್ದು, ಜಾವಾದ ಬಟೇವಿಯಾದ್ದು ಕಾಕಂಬಿ ಮತ್ತು ಅಕ್ಕಿಯಿಂದ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟವೇ ನಿಷಿದ್ಧ. ಕೂಲಿಯವನ ಸಾರಾಯಿ ಅನಿಷ್ಟವೆಂದು ಮೂಗು ಮುರಿದವರೇ, ಅದರ ದೂರದ ನೆಂಟ ಯುರೋಪಿನ ಬಾಟಲಿಯಲ್ಲಿ ‘ಪಾರಂಪರಿಕ ಆ್ಯರಕ್’ ಎಂಬ ಲೇಬಲ್ ಹಚ್ಚಿಕೊಂಡು ಬಂದರೆ ಸಾವಿರಾರು ರೂಪಾಯಿ ತೆತ್ತು ಮೇಜಿನ ಮೇಲಿಡುತ್ತಾರೆ. ಥಾಮಸ್‌ನಿಗೆ ಈ ಭಕ್ತಿ ಇರಲಿಲ್ಲ. ಸಾರಾಯಿ ಸಿಗದಿದ್ದರೆ ಏನು ಮಾಡಬೇಕೆಂದು ಆತನ ಪುಸ್ತಕವೇ ಹೇಳುತ್ತದೆ: ಒಳ್ಳೆಯ ರಮ್‌ಗೆ ಸಾಂಬ್ರಾಣಿಯಿಂದ ತೆಗೆದ ಹರಳನ್ನು ಚೂರು ಕರಗಿಸಿ ‘ನಕಲಿ ಸಾರಾಯಿ ಪಂಚ್’ ಮಾಡಬಹುದು. ಆದಿಗ್ರಂಥದಲ್ಲೇ ನಕಲಿಗೆ ಅನುಮತಿ ಇದೆ!

ಈ ಮತದ ಪರವಾಗಿ ಹೇಳುವ ಒಂದೇ ಮಾತೆಂದರೆ, ಅಕ್ಷರಶಃ ಪಾಲನೆ ಗತಕಾಲಕ್ಕೆ ತೋರುವ ಗೌರವ ಎಂಬುದು. ಗತಕಾಲದ ಸಾಕ್ಷ್ಯ ಇದಕ್ಕೆ ವಿರುದ್ಧವಾಗಿದೆ. 1806ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಪಟ್ಟಣದ ಪತ್ರಿಕೆಯೊಂದು ಓದುಗನ ಪ್ರಶ್ನೆಗೆ ಉತ್ತರವಾಗಿ ಕಾಕ್‌ಟೇಲ್ ಎಂದರೇನೆಂದು ವಿವರಿಸಿತು: ಯಾವುದಾದರೂ ಮದ್ಯ, ಸಕ್ಕರೆ, ನೀರು, ಬಿಟರ್ಸ್. ‘ಯಾವುದಾದರೂ ಮದ್ಯ’! ಬಾಟಲಿಯ ಹೆಸರಿಲ್ಲ, ತಳಿಯ ಹೆಸರಿಲ್ಲ, ಹನಿಯ ಲೆಕ್ಕವಿಲ್ಲ. ಇರುವುದು ರಚನೆ ಮಾತ್ರ. ಆಮೇಲೆ 1948ರಲ್ಲಿ ಡೇವಿಡ್ ಎಂಬುರಿ ಎಂಬ ವಕೀಲ, ಬಾರ್‌ನ ಹಿಂದೆ ದುಡಿಯದ ಹವ್ಯಾಸಿ, ಮನೆಯಲ್ಲಿ ಬೆರೆಸುವವರಿಗಾಗಿ ಬರೆದ ಪುಸ್ತಕದಲ್ಲಿ ಹುಳಿ ಪೇಯಗಳಿಗೆ ಒಂದು ಸೂತ್ರ ಕೊಟ್ಟ: ಎಂಟು ಪಾಲು ಮದ್ಯ, ಎರಡು ಪಾಲು ಹುಳಿ, ಒಂದು ಪಾಲು ಸಿಹಿ. ಆ ಅನುಪಾತ ಇಂದಿನ ನಾಲಗೆಗೆ ಬಲು ಖಡಕ್ ಅನಿಸಬಹುದು, ಬದಲಾಯಿಸಿಕೊಳ್ಳಬಹುದು. ಬದಲಾಯಿಸಲು ಬರುವುದೇ ಸೂತ್ರದ ಗುಣ. ಹೀಗೆ ಕಸುಬಿನ ಪರಂಪರೆಯೇ ತತ್ವವನ್ನು ಕಲಿಸುತ್ತ ಬಂದಿರುವಾಗ, ಭಕ್ತರು ಅದರಿಂದ ಆರಿಸಿಕೊಂಡದ್ದು ಗಿಳಿಪಾಠವನ್ನು.

ಆದ್ದರಿಂದ ಬದಲಾಗಬೇಕಾದದ್ದು ಸ್ಪಷ್ಟ. ಹಳೆಯ ವಿಧಿಯನ್ನು ಪ್ರಕಟಿಸುವ ಲೇಖಕರು, ಪ್ರಕಾಶಕರು ಅದು ಯಾವ ವರ್ಷದ ಯಾವ ಪುಸ್ತಕದ್ದು, ಅದಕ್ಕೂ ಮುಂಚೆ ಎಲ್ಲಿತ್ತು ಎಂದು ಹೇಳಲೇಬೇಕು. ಅಳತೆಯನ್ನು ಮಿ.ಲೀ.ಗೆ ತಂದು, ಇಡೀ ಪೇಯದ ಗಾತ್ರವನ್ನೂ ಅದರಲ್ಲಿರುವ ಮದ್ಯದ ಪ್ರಮಾಣವನ್ನೂ ಬರೆಯಬೇಕು. ಬದಲಿ ಪದಾರ್ಥ ಹಾಕಿದ್ದರೆ ಬದಲಿ ಎಂದೇ ಅಚ್ಚುಮಾಡಬೇಕು. ಸ್ನೇಕ್ ರೂಟ್‌ನಂಥ ವಿಷದ ವಿಧಿಗಳನ್ನು ಚರಿತ್ರೆಯ ದಾಖಲೆಯಾಗಿ ಉಲ್ಲೇಖಿಸಬಹುದು, ಅಡುಗೆಮನೆಯ ಸೂಚನೆಯಾಗಿ ಮಾತ್ರ ಎಂದಿಗೂ ಕೊಡಬಾರದು. ಡ್ಯಾಬ್ನಿ, ಬುಲಕ್, ಕೋಲ್ಮನ್ ಹೆಸರುಗಳು ಅಡಿಟಿಪ್ಪಣಿಯಿಂದ ಎದ್ದು ಮುಖ್ಯ ಪುಟಕ್ಕೆ ಬರಬೇಕು. ಮನೆಯಲ್ಲಿ ಬೆರೆಸುವವರು ಬಾಟಲಿಗಳ ಬೇಟೆ ನಿಲ್ಲಿಸಿ ಹುಳಿ, ಸಿಹಿ, ಕಹಿ, ನೀರು, ತಂಪುಗಳ ಹದ ಕಲಿಯಬೇಕು, ಗ್ಲಾಸನ್ನು ಚಿಕ್ಕದು ಮಾಡಬೇಕು, ಕೈಗೆ ಸಿಗುವ ತಾಜಾ ನಿಂಬೆಯನ್ನು ನಂಬಬೇಕು, ತಾವು ಮಾಡಿದ್ದಕ್ಕೆ ತಮ್ಮದೇ ಹೆಸರಿಡುವ ಪ್ರಾಮಾಣಿಕತೆ ತೋರಬೇಕು. 1862ರ ಪೇಯ 1862ರಲ್ಲೇ ಮುಗಿಯಿತು. ಅದನ್ನು ಮಾಡಿದವರ ಜಾಣ್ಮೆಯನ್ನು ಕಲಿಯಬಹುದು. ಅವರ ಪೇಯವೇ ಸಿಕ್ಕಿತೆಂದು ಹೇಳಿಕೊಳ್ಳುವುದನ್ನು ಇನ್ನಾದರೂ ನಿಲ್ಲಿಸಬೇಕು.